ತೆನೆ ಹಬ್ಬಕ್ಕೆ ಊರಿಗೆ: ಶ್ರೀರಂಗಪಟ್ಟಣದಿಂದ ನೇತ್ರಾವತಿಯವರೆಗೆ ನಾಲ್ಕು ದಿನ

2023ರ ಸೆಪ್ಟೆಂಬರ್ 8ರ ಬೆಳಗ್ಗೆ ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಪಪ್ಪ. ಬೈಪಾಸ್ ಆಗಿ ಎರಡು ದಿನವಾಗಿತ್ತು. ಪಕ್ಕದಲ್ಲಿ ಮಮ್ಮಿ. ಅವರ ಮಡಿಲಲ್ಲಿ ಒಂದು ಕರ್ಚೀಫು, ಕರ್ಚೀಫಿನೊಳಗೆ ಒಂದು ಭತ್ತದ ತೆನೆ. ಊರಿನ ಚರ್ಚಿನಲ್ಲಿ ಪೂಜೆ ಮುಗಿದ ಕೂಡಲೇ ಅತ್ತಿಗೆ ಬಸ್ ಹತ್ತಿ ತಂದುಕೊಟ್ಟಿದ್ದರು.

ಮಮ್ಮಿ ಉಗುರಿನಿಂದ ಒಂದೊಂದೇ ಕಾಳು ಸುಲಿದರು. ನನಗೊಂದು, ಅತ್ತಿಗೆಗೊಂದು, ಅವರಿಗೊಂದು. ಆ ಹೊತ್ತಿಗೆ ಬಾಗಿಲು ತೆಗೆದುಕೊಂಡು ಬಂದ ನರ್ಸ್ ಹುಡುಗಿಗೂ ಒಂದು. ಆಮೇಲೆ ಕಣ್ಣು ಮುಚ್ಚಿ "ದೇವ್ ಬರೆಂ ಕರುಂ" ಅಂದರು. ಕೊಂಕಣಿಯಲ್ಲಿ ಥ್ಯಾಂಕ್ಸ್ ಹೇಳುವುದು ಹೀಗೇ. ಪದಕ್ಕೆ ಪದ ಬಿಡಿಸಿದರೆ 'ದೇವರು ಒಳ್ಳೆಯದು ಮಾಡಲಿ' ಅಂತ.

ನನಗೆ ಸಿಟ್ಟು ಬಂತು. ಇನ್ನೂ ಏನೂ ಸರಿಹೋಗಿಲ್ಲ, ಆಗಲೇ ಯಾವುದಕ್ಕೆ ಥ್ಯಾಂಕ್ಸ್ ಅಂತ ಕೇಳಿಯೇಬಿಟ್ಟೆ. ಮಮ್ಮಿ ಉತ್ತರ ಕೊಡಲಿಲ್ಲ. ಇನ್ನೊಂದು ಕಾಳು ಸುಲಿದು, ತಮ್ಮ ಹಳೇ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟು ಮುಚ್ಚಿದರು.

ಪಪ್ಪ ಹುಷಾರಾದರು. ಆದರೆ ನಾನು ಕೇಳಿದ ಆ ಮಾತು ಒಂದು ವರ್ಷ ನನ್ನೊಳಗೇ ಉಳಿಯಿತು. ಅದಕ್ಕೇ 2024ರಲ್ಲಿ ಏನೇ ಆಗಲಿ ತೆನೆ ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗುವುದು ಅಂತ ತೀರ್ಮಾನ ಮಾಡಿದೆವು. ಗಂಡ, ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ, ನಾನು.

ಮೊದಲ ದಿನ: ಶುಕ್ರವಾರ, ಸೆಪ್ಟೆಂಬರ್ 6

ಅವತ್ತು ಗೌರಿ ಹಬ್ಬ, ಮರುದಿನ ಚೌತಿ, ಭಾನುವಾರ ನಮ್ಮ ತೆನೆ ಹಬ್ಬ, ಅಂದರೆ ಮೊಂತಿ ಫೆಸ್ತ್. ಮೂರು ಹಬ್ಬ ಸಾಲಾಗಿ ಬಂದಿದ್ದರಿಂದ ಬೆಂಗಳೂರಿಗೆ ಬೆಂಗಳೂರೇ ಊರಿಗೆ ಹೊರಟಿತ್ತು. ನಾವು ಬೆಳಗಿನ ನಾಲ್ಕೂವರೆಗೆ ಮನೆ ಬಿಟ್ಟಿದ್ದೇ ಒಳ್ಳೆಯದಾಯಿತು. ಕೆಂಗೇರಿ ದಾಟುವಾಗ ಇನ್ನೂ ಕತ್ತಲು. ಹಬ್ಬದ ಹಿಂದಿನ ದಿನ ಆರು ಗಂಟೆ ಮೇಲೆ ಹೊರಟರೆ ಅಲ್ಲೇ ಎರಡು ಗಂಟೆ ಹೋಗುತ್ತದೆ.

ಬೇರೆ ವರ್ಷಗಳಲ್ಲಿ ಸೆಪ್ಟೆಂಬರ್ 8 ಅಂದರೆ ನಮಗೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ. ಸೀರೆ ಉಟ್ಟ ಮಾತೆ ಮರಿಯಮ್ಮ, ಕಾವಿ ಬಟ್ಟೆ ತೊಟ್ಟ ಹರಕೆಯವರು, ಕಾಲಿಡಲು ಜಾಗವಿಲ್ಲದಷ್ಟು ಜನ. ಅದೂ ಚೆಂದವೇ. ಆದರೆ ಅಲ್ಲಿ ನಮ್ಮ ಮಕ್ಕಳು ಭತ್ತದ ತೆನೆಯನ್ನು ಕೈಯಲ್ಲಿ ಹಿಡಿದಿರಲಿಲ್ಲ.

ಮಂಗಳೂರಿಗೆ ಶಿರಾಡಿ ಘಾಟಿಯೇ ಹತ್ತಿರದ ದಾರಿ. ನಾವು ಬೇಕಂತಲೇ ಮೈಸೂರು, ಮಡಿಕೇರಿ, ಸಂಪಾಜೆ ದಾರಿ ಹಿಡಿದೆವು. ಕಾರಣ ಶ್ರೀರಂಗಪಟ್ಟಣ.

ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಈ ಕಥೆ ಕೇಳದೆ ಬೆಳೆದವರು ಕಡಿಮೆ. 1784ರ ಬೂದಿ ಬುಧವಾರ, ಈಸ್ಟರ್‌ಗೆ ಮೊದಲಿನ ಉಪವಾಸಕಾಲ ಶುರುವಾಗುವ ದಿನ. ಟಿಪ್ಪು ಸುಲ್ತಾನರ ಆಜ್ಞೆಯಂತೆ ಕರಾವಳಿಯ ಕೆಥೋಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ ಎಂಬ ಲೆಕ್ಕ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ದಾರಿಯಲ್ಲೇ ತೀರಿಕೊಂಡವರು ಬಹಳ. ಉಳಿದವರು ಊರು ನೋಡಿದ್ದು 1799ರಲ್ಲಿ ಕೋಟೆ ಬಿದ್ದ ಮೇಲೆ. ಹದಿನೈದು ವರ್ಷ.

ನನ್ನ ಅಜ್ಜಿ, ನಾವು ಮಾಂಯ್ ಅಂತಿದ್ದೆವು, ಈ ಕಥೆಯನ್ನು ಒಮ್ಮೆಯೂ ದ್ವೇಷದಿಂದ ಹೇಳಿದ್ದಿಲ್ಲ. ಅವರು ಕಥೆ ಶುರು ಮಾಡುತ್ತಿದ್ದದ್ದೇ ಕೊನೆಯಿಂದ: "ನಮ್ಮವರು ವಾಪಸ್ ಬಂದ್ರು, ಗದ್ದೆಗೆ ಇಳಿದ್ರು."

ಏಳೂವರೆ ಹೊತ್ತಿಗೆ ಹೆದ್ದಾರಿ ಬಿಟ್ಟು ಶ್ರೀರಂಗಪಟ್ಟಣದೊಳಗೆ ಬಂದೆವು. ಎಕ್ಸ್‌ಪ್ರೆಸ್ ದಾರಿಯಲ್ಲೇ ಹೋದರೆ ಊರು ಕಣ್ಣಿಗೂ ಬೀಳುವುದಿಲ್ಲ, ಮೊದಲೇ ಸರ್ವಿಸ್ ರಸ್ತೆಗೆ ಇಳಿದುಬಿಡಬೇಕು. ಗಂಜಾಂ ಕಡೆ ತಿರುಗಿದರೆ ಒಂದು ಪುಟ್ಟ ಚರ್ಚು. ಟಿಪ್ಪು ಕಾಲ ಮುಗಿದ ಮೇಲೆ ಇಲ್ಲಿ ಉಳಿದಿದ್ದ ಕ್ರೈಸ್ತರನ್ನು ನೋಡಿಕೊಳ್ಳಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ ಕಟ್ಟಿಸಿದ್ದು. ಅವರು ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ತಿರುಗಿದವರು. 1823ರಲ್ಲಿ ಫ್ರಾನ್ಸಿಗೆ ಮರಳಿದರು.

ನಾವು ಹೊರಗೇ ನಿಂತು ಒಂದು ಸಣ್ಣ ಪ್ರಾರ್ಥನೆ ಮಾಡಿದೆವು. ಮಗಳು ಕೇಳಿದಳು, "ಅಮ್ಮಾ, ಎಲ್ಲರೂ ವಾಪಸ್ ಬಂದ್ರಾ?"

"ಇಲ್ಲ ಮಗಾ."

"ಬರದೇ ಇರೋರಿಗೆ ಹಬ್ಬ ಇಲ್ವಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೌರಿ ಪೂಜೆಗೆ ಹೊರಟಿದ್ದ ಹೆಂಗಸರು ಬಾಗಿನದ ಮೊರ ಹಿಡಿದು ನಮ್ಮ ಪಕ್ಕದಲ್ಲೇ ಹಾದುಹೋದರು. ಅವರಲ್ಲೊಬ್ಬರು ಮಗಳ ಕೆನ್ನೆ ಮುಟ್ಟಿ, ಒಂದು ಬಾಳೆಹಣ್ಣು ಕೊಟ್ಟು ಹೋದರು.

ಮೈಸೂರಿನಲ್ಲಿ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದೆವು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಇಟ್ಟಿದ್ದು ಅದು. ಮಗ ಕತ್ತು ಹಿಂದಕ್ಕೆ ಹಾಕಿ ಆ ಎರಡು ಗೋಪುರ ನೋಡುತ್ತಾ ನಿಂತ. ಎಳೆದುಕೊಂಡು ಬರಬೇಕಾಯಿತು.

ಕುಶಾಲನಗರ ದಾಟಿದ ಮೇಲೆ ಮಳೆ. ಸುಂಟಿಕೊಪ್ಪದಿಂದ ಮುಂದೆ ಮಂಜು. ಕಾಫಿ ತೋಟದ ಬೇಲಿಗಳು ಹತ್ತಿರ ಬಂದಾಗ ಮಾತ್ರ ಕಾಣುತ್ತಿದ್ದವು. ಮಡಿಕೇರಿಯಲ್ಲಿ ಒಂದು ಹೋಂಸ್ಟೇ ಹಿಡಿದಿದ್ದೆವು. ಘಟ್ಟವನ್ನು ಮಳೆಯ ರಾತ್ರಿಯಲ್ಲಿ ಇಳಿಯುವುದು ಬೇಡ ಅಂತಲೇ ಅಲ್ಲಿ ಉಳಿದದ್ದು.

ಶುಕ್ರವಾರ ನಾವು ಮಾಂಸ ತಿನ್ನುವುದಿಲ್ಲ. ಬುಕ್ ಮಾಡುವಾಗ ಹೇಳಿದ್ದೆ. ಆ ಮನೆಯ ಆಂಟಿ ನೆನಪಿಟ್ಟುಕೊಂಡು ನೂಪುಟ್ಟಿನ (ಅಕ್ಕಿ ಶಾವಿಗೆ) ಜೊತೆ ಕಳಲೆ ಕರಿ ಮಾಡಿದ್ದರು. ಬಿಸಿ ಬಿಸಿ ನೂಪುಟ್ಟು, ಹುಳಿ-ಖಾರದ ಕಳಲೆ, ಹೊರಗೆ ಮಳೆ. ಮಳೆಗಾಲದಲ್ಲಿ ಕೊಡಗಿಗೆ ಹೋದವರು ಕಳಲೆ ಇದೆಯಾ ಅಂತ ಒಮ್ಮೆ ಕೇಳಲೇಬೇಕು.

ನಾವು ತೆನೆ ಹಬ್ಬಕ್ಕೆ ಹೊರಟಿದ್ದೇವೆ ಅಂದಾಗ ಆಂಟಿಯ ಮುಖ ಅರಳಿತು. "ನಮ್ದು ಪುತ್ತರಿ. ನಿಮ್ದು ಮೊದ್ಲು ಬರುತ್ತೆ, ನಮ್ದು ನವೆಂಬರ್-ಡಿಸೆಂಬರ್‌ಗೆ" ಅಂದರು. ರಾತ್ರಿ ಹೊತ್ತು ಮನೆಯವರೆಲ್ಲ ಗದ್ದೆಗೆ ಹೋಗುವುದು, ಆಕಾಶಕ್ಕೆ ಒಂದು ಗುಂಡು ಹಾರಿಸಿ ಕದಿರು ಕುಯ್ಯುವುದು, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಮನೆಗೆ ತರುವುದು, ಎಲ್ಲ ಹೇಳಿದರು. 'ಹೆಚ್ಚಾಗಲಿ ದೇವರೇ' ಅಂತ ಅದರ ಅರ್ಥ. ಮಗನಿಗೆ ಆ ಕೂಗು ತುಂಬಾ ಹಿಡಿಸಿತು. ಮಲಗುವವರೆಗೂ ಅದನ್ನೇ ಹೇಳಿದ.

ರಾತ್ರಿ ಪ್ರಾರ್ಥನೆಗೆ ನಾಲ್ವರೂ ಮಂಚದ ಮೇಲೆ ಕೂತೆವು. ಮಗ ಎಂದಿನಂತೆ ಶುರು ಮಾಡಿದ. ಗಣಿತದ ಟೆಸ್ಟ್ ಸುಲಭ ಇರಲಿ, ಸೈಕಲ್ ಬರಲಿ, ನಾಳೆ ಮಳೆ ನಿಲ್ಲಲಿ. ನಾನು ಸೇರಿಸಿದೆ, ಪಪ್ಪನ ಬಿಪಿ ಸರಿಯಾಗಿರಲಿ, ಮನೆ ಸಾಲದ ಬಡ್ಡಿ ಇಳಿಯಲಿ. ಗಂಡ ಸುಮ್ಮನಿದ್ದರು. ಆಮೇಲೆ ನಿಧಾನಕ್ಕೆ ಹೇಳಿದರು, "ಆ ಆಂಟಿ ನಮಗೋಸ್ಕರ ಕಳಲೆ ಹುಡುಕಿಸಿ ತಂದಿದ್ದಾರೆ. ಅವರ ಹೆಸರು ಯಾರೂ ಹೇಳಲಿಲ್ಲ ಅಲ್ವಾ?"

ಎರಡನೇ ದಿನ: ಶನಿವಾರ, ಸೆಪ್ಟೆಂಬರ್ 7

ಮಳೆ ನಿಲ್ಲಲಿಲ್ಲ. ಎಂಟು ಗಂಟೆಗೆ ಮಡಿಕೇರಿ ಬಿಟ್ಟು ಇಳಿಯಲು ಶುರು ಮಾಡಿದೆವು. ಮದೆನಾಡು ದಾಟಿ ಜೋಡುಪಾಲದ ಕಡೆ ಬರುತ್ತಿದ್ದ ಹಾಗೆ ಡ್ರೈವರ್ ಕಡೆಯ ವೈಪರ್ ಬ್ಲೇಡ್ ಕಿತ್ತುಕೊಂಡು ಹೋಯಿತು. ಬರೀ ಕಂಬಿ ಗಾಜನ್ನು ಕೆರೆಯುತ್ತಿತ್ತು. ಮುಂದೆ ಏನೂ ಕಾಣದು. ಹಜಾರ್ಡ್ ಲೈಟ್ ಹಾಕಿಕೊಂಡು ಆಮೆಯ ಹಾಗೆ ಇಳಿದೆವು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿ ಹೇಳುತ್ತಿದ್ದೆ.

ಒಂದು ತಿರುವಿನಲ್ಲಿ ಶೀಟು ಹಾಕಿದ ಚಹಾ ಅಂಗಡಿ. ಒಳಗೆ ಗಣಪತಿ ಪಟಕ್ಕೆ ಗರಿಕೆ, ಕೆಂಪು ದಾಸವಾಳ. ಅಂಗಡಿಯವರು ಅರವತ್ತರ ಆಸುಪಾಸಿನವರು. ಗಾಡಿ ನೋಡಿದ ಕೂಡಲೇ ಅರ್ಥವಾಯಿತು ಅವರಿಗೆ. "ಇವತ್ತು ಚೌತಿ. ಸುಳ್ಯದಲ್ಲೂ ಗ್ಯಾರೇಜು ತೆಗೆದಿರೋದು ಡೌಟು. ಕೂತ್ಕೊಳ್ಳಿ" ಅಂದರು. ಶುಂಠಿ ಚಹಾ ಕೊಟ್ಟರು. ಮಕ್ಕಳಿಗೆ ಪಂಚಕಜ್ಜಾಯ.

ಮಾತಾಡುತ್ತಾ 2018ರ ಆಗಸ್ಟ್ ಬಂತು. ಆ ಮಳೆಗೆ ಇಲ್ಲೆಲ್ಲ ಗುಡ್ಡ ಜರಿದು ಈ ರಸ್ತೆಯೇ ಬಂದ್ ಆಗಿದ್ದು ನಾವು ಟಿವಿಯಲ್ಲಿ ನೋಡಿದ್ದೆವು. ಅವರು ಕಣ್ಣಾರೆ ನೋಡಿದವರು. ತೋಟದ ಅರ್ಧ ಹೋಯಿತಂತೆ. "ರಾತ್ರಿ ಶಬ್ದ ಕೇಳಿ ಹೊರಗೆ ಬಂದ್ವಿ. ಹಿಂದೆ ತಿರುಗಿ ನೋಡಿದ್ರೆ ಕೊಟ್ಟಿಗೆ ಇಲ್ಲ. ಅವತ್ತಿಂದ ಬೆಳಗ್ಗೆ ಎದ್ದ ತಕ್ಷಣ ಒಂದು ಸಲ ಕೈ ಮುಗೀತೇನೆ. ಬೇಡೋದಕ್ಕಲ್ಲ. ಎದ್ದಿದ್ದಕ್ಕೆ."

ಅವರು ಅದನ್ನು ಚಹಾ ಸೋಸುತ್ತಾ ಹೇಳಿದರು, ತಲೆ ಕೂಡ ಎತ್ತದೆ. ನನಗೆ ಆಸ್ಪತ್ರೆಯ ಬೆಂಚು ನೆನಪಾಯಿತು.

ಅಷ್ಟರಲ್ಲಿ ಅಂಗಡಿ ಮುಂದೆ ಒಂದು ಜೀಪು ಬಂತು. ಅಂಗಡಿಯವರು ಡ್ರೈವರ್ ಹತ್ತಿರ ಏನೋ ಹೇಳಿದರು. ಆತ ಸೀಟಿನ ಕೆಳಗೆ ತಡಕಾಡಿ ಒಂದು ಹಳೇ ಬ್ಲೇಡ್ ತೆಗೆದ. ಉದ್ದ ಸ್ವಲ್ಪ ಜಾಸ್ತಿ ಇತ್ತು. ಕತ್ತಿಯಿಂದ ತುದಿ ಕೊಯ್ದು, ತಂತಿ ಸುತ್ತಿ, ಹತ್ತು ನಿಮಿಷದಲ್ಲಿ ಕೂರಿಸಿಬಿಟ್ಟ. ಗಂಡ ಇನ್ನೂರು ರೂಪಾಯಿ ತೆಗೆದರೆ ಕೈ ಹಿಂದೆ ಕಟ್ಟಿಕೊಂಡ. "ಹಬ್ಬದ ದಿನ ದುಡ್ಡು ಬೇಡ ಸಾರ್. ದೇವರು ಒಳ್ಳೇದು ಮಾಡ್ಲಿ, ಹೋಗಿ ಬನ್ನಿ" ಅಂದ.

ಗಾಡಿ ಹೊರಟ ಮೇಲೆ ಮಗಳೇ ಗಮನಿಸಿದ್ದು. "ಅಮ್ಮಾ, ಅದು ಅಜ್ಜಿ ಹೇಳೋ ದೇವ್ ಬರೆಂ ಕರುಂ ಅಲ್ವಾ? ನಾವು ಹೇಳ್ಬೇಕಿತ್ತು, ಅವರೇ ಹೇಳಿದ್ರು."

ಸುಳ್ಯ, ಪುತ್ತೂರು ದಾರಿಯಲ್ಲೆಲ್ಲ ಪಿಕಪ್‌ಗಳಲ್ಲಿ ಗಣಪತಿ. ಪ್ಲಾಸ್ಟಿಕ್ ಹೊದೆಸಿ, ಪಕ್ಕದಲ್ಲಿ ಇಬ್ಬರು ಹುಡುಗರು ಹಿಡಿದುಕೊಂಡು. ಹೋಟೆಲುಗಳು ಬಹುತೇಕ ಬಂದ್. ಚೌತಿ ದಿನ ಈ ಕಡೆ ಬರುವವರು ಬುತ್ತಿ ಕಟ್ಟಿಕೊಂಡೇ ಬರಬೇಕು. ನಮ್ಮ ಪುಣ್ಯಕ್ಕೆ ಹೋಂಸ್ಟೇ ಆಂಟಿ ಬಾಳೆಎಲೆಯಲ್ಲಿ ಅಕ್ಕಿರೊಟ್ಟಿ ಸುತ್ತಿಕೊಟ್ಟಿದ್ದರು. ಮಾಣಿಯಲ್ಲಿ ಹೆದ್ದಾರಿ ಸೇರಿ, ಬಿ.ಸಿ. ರೋಡ್ ಹತ್ತಿರ ಒಳದಾರಿಗೆ ತಿರುಗಿದಾಗ ಮಧ್ಯಾಹ್ನ ಎರಡು.

ಗೇಟಿನಲ್ಲಿ ಕೊಡೆ ಹಿಡಿದು ನಿಂತಿದ್ದರು ಪಪ್ಪ. ತೆಳ್ಳಗಾಗಿದ್ದಾರೆ. ಅಂಗಿಯ ಕಾಲರ್ ಕತ್ತಿನ ಸುತ್ತ ಸಡಿಲ. ಆದರೆ ನಿಂತಿದ್ದಾರೆ. ಮೊಮ್ಮಗನನ್ನು ಎತ್ತಲು ಬಗ್ಗಿದರು, ಮಮ್ಮಿ ಒಳಗಿನಿಂದಲೇ ಗದರಿದರು.

ಸಂಜೆ ಪಕ್ಕದ ಮನೆಯ ಅಕ್ಕ ಮೂಡೆ ತಂದುಕೊಟ್ಟರು. ಮುಂಡಕನ ಎಲೆಯ ಕೊಟ್ಟೆಯಲ್ಲಿ ಬೆಂದ ಇಡ್ಲಿ, ಅದರ ಪರಿಮಳವೇ ಬೇರೆ. ಅವರ ಮನೆಯಲ್ಲಿ ಚೌತಿ, ನಮ್ಮಲ್ಲಿ ಮಾರನೇ ದಿನ ಹಬ್ಬ. ಮಕ್ಕಳನ್ನು ಕರೆದುಕೊಂಡು ತಮ್ಮ ಹಿತ್ತಲಿಗೆ ಹೋದರು. ಕೇಪುಳ, ದಾಸವಾಳ, ಜೀನಿಯಾ, ಗೋರಂಟೆ. "ನಿಮ್ಮ ಮರಿಯಮ್ಮನಿಗೆ ನಮ್ಮ ಹೂವೂ ಇರ್ಲಿ" ಅಂದರು. ಇದು ಹೊಸದೇನಲ್ಲ. ನಾನು ಚಿಕ್ಕವಳಿದ್ದಾಗ ಅವರ ಅತ್ತೆ ಕೊಡುತ್ತಿದ್ದರು. ಅಂಗಡಿಯಿಂದ ಹೂ ಕೊಳ್ಳುವುದು ನಮ್ಮ ಕಡೆ ಈಚಿನ ಅಭ್ಯಾಸ. ಹಿತ್ತಲಲ್ಲಿ, ಬೇಲಿಯಲ್ಲಿ ಹುಡುಕಿ ಕುಯ್ದು ತಂದರೇ ಮಕ್ಕಳಿಗೆ ಅದು ತಮ್ಮದು ಅನ್ನಿಸುವುದು.

ಆಗಸ್ಟ್ 30ಕ್ಕೆ ಶುರುವಾದ ನೊವೆನಾಕ್ಕೆ, ಅಂದರೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆಗೆ, ಅಂದು ಕೊನೆಯ ದಿನ. ಚರ್ಚಿನಿಂದ ಬಂದ ಮೇಲೆ ಮನೆಯಲ್ಲಿ ಜಪಸರ. ಮಧ್ಯದಲ್ಲಿ ಕರೆಂಟ್ ಹೋಯಿತು. ಯಾರೂ ಏಳಲಿಲ್ಲ. ಪೀಠದ ಮುಂದಿನ ದೀಪದ ಬೆಳಕಿನಲ್ಲೇ ಮುಗಿಸಿದೆವು. ಆಮೇಲೆ ಮಕ್ಕಳು ಸಾಲಾಗಿ ದೊಡ್ಡವರ ಮುಂದೆ ಕೈ ಜೋಡಿಸಿ 'ಬೆಸಾಂವ್' ಕೇಳಿದರು, ಅಂದರೆ ಆಶೀರ್ವಾದ. ಬೆಂಗಳೂರಿನಲ್ಲಿ ಇದು ನಮ್ಮ ಮನೆಯಲ್ಲಿ ನಿಂತೇ ಹೋಗಿತ್ತು. ಪಪ್ಪ ಒಬ್ಬೊಬ್ಬರ ತಲೆ ಮೇಲೆ ಕೈ ಇಡುವಾಗ ನಾನೂ ಹೋಗಿ ಕೊನೆಯಲ್ಲಿ ನಿಂತೆ.

ಮೂರನೇ ದಿನ: ಭಾನುವಾರ, ಸೆಪ್ಟೆಂಬರ್ 8

ಬೆಳಗಿನ ಪೂಜೆಗೆ ಅರ್ಧ ಗಂಟೆ ಮೊದಲೇ ಹೋದೆವು. ಈ ದಿನ ತಡವಾಗಿ ಹೋದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಮೊದಲು ತೆನೆಗಳ ಆಶೀರ್ವಾದ, ಆಮೇಲೆ ಮೆರವಣಿಗೆ. ಮುಂದೆ ಅಲಂಕರಿಸಿದ ಬಾಲ ಮರಿಯಮ್ಮನ ಪ್ರತಿಮೆ, ಹಿಂದೆ ಮಕ್ಕಳ ಸಾಲು, ಕೈಯಲ್ಲಿ ಹೂವಿನ ತಟ್ಟೆ. ಸೆಪ್ಟೆಂಬರ್ 8 ಮರಿಯಮ್ಮ ಹುಟ್ಟಿದ ದಿನ ಅಂತ ಇಡೀ ಕೆಥೋಲಿಕ ಧರ್ಮಸಭೆ ಆಚರಿಸುತ್ತದೆ. ಅದಕ್ಕೆ ಹೊಸ ಬೆಳೆಯನ್ನು ಜೋಡಿಸಿದ್ದು ಕರಾವಳಿಯ ನಮ್ಮ ಹಿರಿಯರು.

ರಾತ್ರಿಯ ಮಳೆಗೆ ಚರ್ಚಿನ ಮೆಟ್ಟಿಲು ಪಾಚಿ ಕಟ್ಟಿತ್ತು. ಮಗ ಜಾರಿದ. ಮೊಣಕಾಲಿಗೆ ಏನೂ ಆಗಲಿಲ್ಲ, ಆದರೆ ತಟ್ಟೆ ಮಗುಚಿ ಹೂವೆಲ್ಲ ಕೆಂಪು ಕೆಸರಿನಲ್ಲಿ. ಅವನು ಅಳಲಿಲ್ಲ. ಖಾಲಿ ತಟ್ಟೆ ಹಿಡಿದು ಸುಮ್ಮನೆ ನಿಂತ. ಅವನ ಹಿಂದೆ ನಿಂತಿದ್ದ ಒಂದು ಪುಟ್ಟ ಹುಡುಗಿ ತನ್ನ ತಟ್ಟೆಯಿಂದ ಒಂದು ಮುಷ್ಟಿ ತೆಗೆದು ಇವನ ತಟ್ಟೆಗೆ ಹಾಕಿದಳು. ಅದನ್ನು ನೋಡಿ ಅವಳ ಹಿಂದಿನವನು ಹಾಕಿದ. ಆಮೇಲೆ ಮುಂದಿನವಳು. ಯಾರೂ ಹೇಳಿಕೊಟ್ಟಿದ್ದಲ್ಲ. ಪ್ರತಿಮೆಯ ಹತ್ತಿರ ಬರುವ ಹೊತ್ತಿಗೆ ಇವನ ತಟ್ಟೆ ಎಲ್ಲರದಕ್ಕಿಂತ ತುಂಬಿತ್ತು. ಹೂ ಹಾಕುವಾಗ ಅವನು ಜೋರಾಗಿ "ಪೊಲಿ ಪೊಲಿ ದೇವಾ" ಅಂದುಬಿಟ್ಟ. ಮುಂದೆ ನಿಂತಿದ್ದ ಫಾದರ್ ಅವನ ತಲೆ ಸವರಿದರು.

ಪ್ರಸಂಗದಲ್ಲಿ ಫಾದರ್ ಒಂದು ವಿಷಯ ಹೇಳಿದರು. ಬೈಬಲ್ಲಿನ ಹಳೇ ಒಡಂಬಡಿಕೆಯ ಕಾಲದಲ್ಲಿ ಇಸ್ರೇಲರು ಮೊದಲ ಬೆಳೆಯನ್ನು ಬುಟ್ಟಿಯಲ್ಲಿಟ್ಟು ದೇವರ ಮುಂದೆ ತರುತ್ತಿದ್ದರು. ತಂದು ಸುಮ್ಮನೆ ಇಟ್ಟು ಹೋಗುವಂತಿರಲಿಲ್ಲ. 'ನಮ್ಮ ಹಿರಿಯರು ಈಜಿಪ್ಟಿನಲ್ಲಿ ಗುಲಾಮರಾಗಿದ್ದರು, ದೇವರು ಬಿಡಿಸಿ ಈ ನೆಲಕ್ಕೆ ತಂದರು' ಅಂತ ಆ ಕಥೆ ಪೂರ್ತಿ ಹೇಳಬೇಕಿತ್ತು. ನಾನು ಮಗಳ ಕಡೆ ನೋಡಿದೆ. ಅವಳೂ ನನ್ನ ಕಡೆ ನೋಡುತ್ತಿದ್ದಳು. ಗಂಜಾಂನಲ್ಲಿ ನಿಂತದ್ದು ಇಬ್ಬರಿಗೂ ನೆನಪಾಗಿತ್ತು.

ಪೂಜೆ ಆದ ಮೇಲೆ ಮನೆಗೊಂದರಂತೆ ತೆನೆ, ಮಕ್ಕಳಿಗೆಲ್ಲ ಒಂದೊಂದು ತುಂಡು ಕಬ್ಬು. ನಮ್ಮ ಊರಿನಲ್ಲಿ ಹಬ್ಬದ ದಿನ ಚರ್ಚಿನಿಂದ ಬರುವ ದಾರಿಯೆಲ್ಲ ಕಬ್ಬಿನ ಸಿಪ್ಪೆ.

ಮನೆಗೆ ಬಂದ ಕೂಡಲೇ ತೆನೆಯನ್ನು ಪೀಠದ ಮುಂದಿಟ್ಟು ದೀಪ ಹಚ್ಚಿದರು. ಕುವೈತ್‌ನಿಂದ ಅಣ್ಣ, ಡಬ್ಲಿನ್‌ನಿಂದ ತಂಗಿ, ಭಾವ ವಿಡಿಯೋ ಕಾಲ್‌ನಲ್ಲಿ. ಫೋನನ್ನು ಮೇಣದಬತ್ತಿ ಸ್ಟ್ಯಾಂಡಿಗೆ ಒರಗಿಸಿದ್ದೆವು.

ಮಮ್ಮಿ ಚಾಪೆ ಮೇಲೆ ಕೂತು ಕಾಳು ಸುಲಿಯಲು ಶುರು ಮಾಡಿದರು. ಹಸಿರು ಇನ್ನೂ ಪೂರ್ತಿ ಹೋಗದ ಹೊಟ್ಟು. ಹೆಬ್ಬೆರಳಿನ ಉಗುರನ್ನು ಅದರ ಸೀಳಿಗೆ ಒತ್ತಿ ಹಿಂದಕ್ಕೆ ಎಳೆದರೆ ಒಳಗಿನಿಂದ ಹಾಲುಬಣ್ಣದ ಅಕ್ಕಿ. ತುದಿಯಲ್ಲಿ ಒಂದು ಚೂರು ತವುಡು. ಒಂದೊಂದಕ್ಕೂ ಒಂದು ಹೆಸರು ಹೇಳಿ ತಟ್ಟೆಗೆ ಹಾಕಿದರು. ಪಪ್ಪ, ಅವರು, ಅತ್ತಿಗೆ, ಅತ್ತಿಗೆಯ ಮಗ. ನಾವು ನಾಲ್ವರು. ಕುವೈತ್ ಒಂದು, ಡಬ್ಲಿನ್ ಎರಡು. ಹನ್ನೊಂದು.

ಆಮೇಲೆ ಪ್ರಾರ್ಥನೆ ಪುಸ್ತಕ ತೆಗೆದರು.

ರೋಗಿಗಳಿಗಾಗಿ ಪ್ರಾರ್ಥನೆ ಇರುವ ಪುಟ ಅದು. ಪುಸ್ತಕದ ಹೊಲಿಗೆಯ ಸಂದಿಯಲ್ಲಿ ಒಂದು ಅಕ್ಕಿಕಾಳು. ಒಂದು ವರ್ಷ ಅಲ್ಲೇ ಕೂತು ಹಳದಿಯಾಗಿತ್ತು. ತೆಳ್ಳನೆ ಕಾಗದದ ಮೇಲೆ ಅದರದೇ ಆಕಾರದ ಒಂದು ತಗ್ಗು, ಎದುರು ಪುಟದ ಮೇಲೂ ಅಷ್ಟೇ. ಮಮ್ಮಿ ಅದನ್ನು ಉಗುರಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡರು.

"ಇದು ಯಾರದು?" ಪಪ್ಪ ಕೇಳಿದರು.

"ನಿಮ್ಮದೇ. ಹೋದ ವರ್ಷದ್ದು. ಒಳಗೆ ಬಿಡಲಿಲ್ಲ ಅಲ್ಲ, ಕೊಡೋಕಾಗ್ಲಿಲ್ಲ."

ಪಪ್ಪ ಮಾತಾಡಲಿಲ್ಲ. ಕೈ ಚಾಚಿ ತೆಗೆದುಕೊಂಡರು. ಹನ್ನೊಂದರ ಜೊತೆ ಸೇರಿಸಿ ಪುಟ್ಟ ಕಲ್ಲಿನ ಒರಳಿಗೆ ಹಾಕಿ ಅವರೇ ಕುಟ್ಟಿದರು. ಫೋನಿನಲ್ಲಿ ಅಣ್ಣ ಕ್ಯಾಮೆರಾದಿಂದ ಪಕ್ಕಕ್ಕೆ ಸರಿದುಬಿಟ್ಟ.

ಪುಡಿಯನ್ನು ತೆಂಗಿನ ಹಾಲು, ಬೆಲ್ಲಕ್ಕೆ ಬೆರೆಸಿದರು. ಮನೆಯ ಹಿರಿಯರು ಎಲ್ಲರಿಗೂ ಕೊಡುವುದು ಕ್ರಮ. ಮೊದಲು ಚಿಕ್ಕವನಿಗೆ, ಹಾಗೇ ಮೇಲಕ್ಕೆ. ಒಬ್ಬೊಬ್ಬರಿಗೆ ಎರಡು ಚಮಚ. ನನ್ನ ಸರದಿ ಬಂದಾಗ ಮಮ್ಮಿ ನನ್ನನ್ನೇ ನೋಡುತ್ತಿದ್ದರು. ಆ ಬೆಂಚಿನ ಮೇಲೆ ನಾನು ಕೇಳಿದ್ದು ಅವರಿಗೂ ಮರೆತಿರಲಿಲ್ಲ ಅಂತ ಕಾಣುತ್ತದೆ. ನಾನು ಕುಡಿದು "ದೇವ್ ಬರೆಂ ಕರುಂ" ಅಂದೆ. ಅವರು ನನ್ನ ಸೆರಗು ಸರಿ ಮಾಡಿದರು, ಅಷ್ಟೇ. ಪಪ್ಪ ಕೊನೆಯಲ್ಲಿ ಕುಡಿದರು. ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ತೆಗೆದುಕೊಂಡರು.

ಊಟಕ್ಕೆ ಬಾಳೆಎಲೆ. ಈ ದಿನ ನಮ್ಮಲ್ಲಿ ಮೀನಿಲ್ಲ, ಮಾಂಸವಿಲ್ಲ. ಪಲ್ಯಗಳ ಲೆಕ್ಕ ಬೆಸ ಸಂಖ್ಯೆಯಲ್ಲಿರಬೇಕು. ಈ ಸಲ ಏಳು: ಅಂಬಡೆ ಹಾಕಿದ ಕೆಸುವಿನ ದಂಟು, ಬೆಂಡೆ, ಹೀರೆ, ಅಲಸಂಡೆ, ತೊಂಡೆಕಾಯಿ-ಗೇರುಬೀಜ, ಹಾಗಲ, ಮುಳ್ಳುಸೌತೆ. ಜೊತೆಗೆ ಇಡ್ಲಿಯಂಥ ಸಣ್ಣಾಂ. ಕೊನೆಗೆ ಬೇಳೆ-ಬೆಲ್ಲದ ಪಾಯಸ, ನಾವು ವೊರ್ನ್ ಅನ್ನುವುದು. ಕೆಸುವಿನ ದಂಟಿಗೆ ಅಂಬಡೆಯ ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಅತ್ತಿಗೆ ಈ ಸಲ ಎರಡು ಜಾಸ್ತಿಯೇ ಹಾಕಿದ್ದರು, ನನಗಂತೂ ಅದೇ ರುಚಿ.

ಸಂಜೆ ಪಪ್ಪನೇ ಫರಂಗಿಪೇಟೆಗೆ ಹೋಗೋಣ ಅಂದರು. ನೇತ್ರಾವತಿ ದಡದ ಮೊಂತೆ ಮರಿಯಾನೊ ಚರ್ಚು. 1763ರಲ್ಲಿ ಇಲ್ಲಿದ್ದ ಗೋವಾದ ಪಾದ್ರಿ ಜೋಕಿಂ ಮಿರಾಂಡಾ ಈ ಹಬ್ಬ ಶುರು ಮಾಡಿದರು ಅಂತ ನಮ್ಮವರ ನಂಬಿಕೆ. ಪೋರ್ಚುಗೀಸಿನಲ್ಲಿ ಮೊಂತೆ ಅಂದರೆ ಗುಡ್ಡ, ಅದರಿಂದಲೇ ಮೊಂತಿ ಫೆಸ್ತ್. ಆ ಪಾದ್ರಿ ಹೈದರಾಲಿಗೆ ಸ್ನೇಹಿತರು, ಅದಕ್ಕೇ 1784ರಲ್ಲಿ ಬೇರೆ ಚರ್ಚುಗಳು ನೆಲಸಮವಾದಾಗಲೂ ಇದು ಉಳಿಯಿತು ಎನ್ನುತ್ತಾರೆ. ಹಬ್ಬ ಶುರುವಾಗಿ ಇಪ್ಪತ್ತೊಂದು ವರ್ಷಕ್ಕೆ ಜನರೇ ಇಲ್ಲ. ಮತ್ತೆ ಹದಿನೈದು ವರ್ಷ ಬಿಟ್ಟು ಬಂದವರು ಅದನ್ನು ನೆನಪಿಟ್ಟುಕೊಂಡು ಮತ್ತೆ ಹಿಡಿದರಲ್ಲ. ಪಾಳುಬಿದ್ದ ಗದ್ದೆ ನೋಡಿ ಅವರಿಗೆ ಮೊದಲು ಏನನ್ನಿಸಿರಬಹುದು ಅಂತ ನಾನು ಯೋಚಿಸುತ್ತಾ ನಿಂತೆ.

ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಪಪ್ಪ ಮೊಮ್ಮಗಳ ಭುಜ ಹಿಡಿದು ನಿಧಾನಕ್ಕೆ ನಡೆದರು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಅವಳು ಗಂಜಾಂನಲ್ಲಿ ನನ್ನನ್ನು ಕೇಳಿದ್ದನ್ನೇ ಅವರನ್ನೂ ಕೇಳಿದಳು, ವಾಪಸ್ ಬರದೇ ಇರೋರಿಗೆ ಹಬ್ಬ ಇಲ್ವಾ ಅಂತ.

"ಕಾಳು ತೆಗೆದಿಡ್ತೇವಲ್ಲ ಮಗಾ" ಅಂದರು ಪಪ್ಪ.

ನಾಲ್ಕನೇ ದಿನ: ಸೋಮವಾರ, ಸೆಪ್ಟೆಂಬರ್ 9

ಬೆಳಗ್ಗೆ ಆರಕ್ಕೆ ಹೊರಟೆವು. ಡಿಕ್ಕಿಯಲ್ಲಿ ಕುಚ್ಚಲಕ್ಕಿ, ಎರಡು ಹಲಸಿನ ಹಪ್ಪಳದ ಕಟ್ಟು, ಒಂದು ಜಲ್ಲೆ ಕಬ್ಬು. ಮಮ್ಮಿ ತಂಗಿಯ ಮತ್ತು ಭಾವನ ಹೆಸರಿನಲ್ಲಿ ಇನ್ನೆರಡು ಕಾಳು ಸುಲಿದು ಅದೇ ಪುಟದಲ್ಲಿ ಇಟ್ಟಿದ್ದನ್ನು ನೋಡಿದೆ. ಕ್ರಿಸ್‌ಮಸ್‌ಗೆ ಅವರು ಬರುತ್ತಾರೆ. ಅಣ್ಣನ ಪಾಲು ಕುವೈತ್‌ಗೆ ಹೋಗುವ ಯಾರದೋ ಕೈಯಲ್ಲಿ.

ಮಗ ಸೀಟಿನಲ್ಲಿ ಒಂದು ಪೇಪರ್ ಕವರ್ ಹಿಡಿದು ಕೂತಿದ್ದ. ಒಳಗೆ ಎರಡು ತೆನೆ. ಒಂದು ನಮ್ಮ ಮನೆಗೆ. ಇನ್ನೊಂದು ಯಾರಿಗೆ ಅಂದರೆ, "ವೈಪರ್ ಮಾಮನಿಗೆ" ಅಂದ.

ಅವತ್ತು ಘಟ್ಟದಲ್ಲಿ ಬಿಸಿಲು. ಎಲೆಗಳ ಮೇಲೆಲ್ಲ ಹನಿ. ಶನಿವಾರ ಕಾಣದೇ ಹೋಗಿದ್ದ ತೊರೆಗಳೆಲ್ಲ ರಸ್ತೆ ಪಕ್ಕ ಬೆಳ್ಳಗೆ ಧುಮುಕುತ್ತಿದ್ದವು. ಜರಿದ ಗುಡ್ಡದ ಗಾಯಗಳ ಮೇಲೆ ಹುಲ್ಲು, ಎಳೇ ಗಿಡಗಳು. ಸಂಪಾಜೆ ದಾಟಿ ಆ ತಿರುವು ಬಂದಾಗ ಮಗನೇ ಮೊದಲು ಕೂಗಿದ.

ಜೀಪಿನವರು ಇರಲಿಲ್ಲ, ಮಡಿಕೇರಿಗೆ ಬಾಡಿಗೆ ಹೋಗಿದ್ದರಂತೆ. ಅಂಗಡಿಯವರು ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆನೆ ತೆಗೆದುಕೊಂಡರು. "ಚರ್ಚಿಂದಾ?" ಅಂತ ಕೇಳಿದರು. ಹೌದು ಅಂದೆ. ಮೂಸಿ ನೋಡಿದರು. ಹೊಸ ಭತ್ತಕ್ಕೆ ಹಸಿ ಹುಲ್ಲಿನ ವಾಸನೆ ಇರುತ್ತದೆ.

ಗಣಪತಿ ಪಟದ ಮೊಳೆಗೆ ಅದನ್ನು ಬಾಳೆನಾರಿನಿಂದ ಕಟ್ಟಿದರು. ಬಾಡಿದ ಗರಿಕೆಯ ಪಕ್ಕ. ಅರ್ಧ ಅವನಿಗೂ ಕೊಡ್ತೇನೆ ಅಂದರು, ಜೀಪಿನವರಿಗೆ. ಆಮೇಲೆ ಒಲೆಯ ಮೇಲೆ ಪಾತ್ರೆ ಇಟ್ಟು, ನಮ್ಮನ್ನು ಕೇಳದೆಯೇ ಶುಂಠಿ ಜಜ್ಜಲು ಕೂತರು.